ಒಂದೇ ಹಂದರದಲ್ಲಿ

೯ ಫೆಬ್ರುವರಿ ೧೯೮೯, ಗುರುವಾರ
ಬ್ಯಾಡಗಿ

ಒಪ್ಪಿದರು. ಒಪ್ಪಿದರು. ಎರಡು ಸಲ ಬರೆದರೂ ಸಮಾಧಾನವಿಲ್ಲ, ಇನ್ನೊಂದು ಸಲ ಬರೆಯುತ್ತೇನೆ, ಒಪ್ಪಿದರು.

ಅಪ್ಪ ಮೆಣಸಿನಕಾಯಿ ತೂಗುವ ದಲಾಲಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಜನವರಿ ಪೂರ್ತಿ ಖಾಲಿ ಬಿಟ್ಟಿದ್ದೆ. ಬರೆಯಲು ಏನಿತ್ತು? ಬೆಳಿಗ್ಗೆ ಎದ್ದೆ, ಮೆಣಸಿನಕಾಯಿ ತೊಟ್ಟು ಬಿಡಿಸಿದೆ, ಸೀನಿದೆ, ಮಲಗಿದೆ ಎಂದು ಬರೆಯಲೇ? ಮೆಟ್ರಿಕ್ಕಿನಲ್ಲಿ ಗಣಿತ ಎರಡು ಸಲ ಕೈಕೊಟ್ಟ ಮೇಲೆ ಹತ್ತೊಂಬತ್ತು ವರ್ಷದ ಈ ದ್ರಾಕ್ಷಾಯಿಣಿಯ ಬಾಳು ಅಷ್ಟೇ ಆಗಿತ್ತು. ಇವತ್ತಿನಿಂದ ಹಾಗಲ್ಲ.

ರಾಣೆಬೆನ್ನೂರಿನವರು ಬಂದು ನೋಡಿ ಹೋದರು. ಬೀಜದ ಕಂಪನಿಗೆ ತಮ್ಮ ಹೊಲದಲ್ಲಿ ಬೀಜ ಬೆಳೆದು ಕೊಡುವ ಮನೆತನ. ಮೂವರು ಗಂಡುಮಕ್ಕಳು, ಹಿರಿಯವನಿಗೆ ಮದುವೆಯಾಗಿದೆ. ನಡುವಿನವನು ವಿರೂಪಾಕ್ಷ, ನನಗೆ ನೋಡಿದ ಹುಡುಗ. ಚಹಾ ಕೊಡುವಾಗ ದ್ರಾಕ್ಷಿ ಎಷ್ಟು ಚಂದ ತಲೆ ತಗ್ಗಿಸಿದ್ದಳು ಎಂದು ಅವ್ವ ಓಣಿಗೆಲ್ಲ ಹೇಳುತ್ತಿದ್ದಾಳೆ. ತಲೆ ತಗ್ಗಿಸಿದ್ದು ಖರೆ. ಕಣ್ಣು ತಗ್ಗಿಸಿರಲಿಲ್ಲ. ಮೀಸೆ ಚೆನ್ನಾಗಿದೆ, ಕಿವಿ ಸ್ವಲ್ಪ ದೊಡ್ಡವು. ಇರಲಿ, ನನ್ನ ಮಾತು ಕೇಳಿಸಿಕೊಳ್ಳಲು ದೊಡ್ಡ ಕಿವಿಯೇ ಬೇಕು.

ರಾಣೆಬೆನ್ನೂರಿನಲ್ಲಿ ರಸ್ತೆ ತುಂಬ ಆಟೋಗಳು, ಟಾಕೀಸು, ಕತ್ತಲಾದರೂ ಬಾಗಿಲು ಹಾಕದ ಅಂಗಡಿಗಳು. ಇಲ್ಲಿ ಸೋಮವಾರ, ಗುರುವಾರದ ಪೇಟೆ ಬಿಟ್ಟರೆ ಉಳಿದ ದಿನ ನಾಯಿ ಸಹ ಆಕಳಿಸುತ್ತದೆ.

೧೨ ಫೆಬ್ರುವರಿ, ರವಿವಾರ

ಇವತ್ತಿನ ಸುದ್ದಿ ಮೊನ್ನೆಯದಕ್ಕಿಂತ ದೊಡ್ಡದು. ಬೀಗರು ನೀಲಿಯನ್ನೂ ಕೇಳಿ ಕಳಿಸಿದ್ದಾರೆ, ಕಿರಿಯ ಮಗ ಸದಾಶಿವನಿಗೆ. ಒಂದೇ ಮನೆಗೆ, ಒಂದೇ ದಿನ, ಒಂದೇ ಹಂದರದಲ್ಲಿ ನಾವಿಬ್ಬರೂ. ನನಗೆ ಕುಣಿದಾಡುವಂತಾಯಿತು. ಗಂಡನ ಮನೆಗೆ ಹೋದವರೆಲ್ಲ ಮೊದಮೊದಲು ಅಳುತ್ತಾರೆ. ನಾನೇಕೆ ಅಳಲಿ, ನನ್ನ ಬಾಲ ನನ್ನ ಹಿಂದೆಯೇ ಬರುತ್ತದಲ್ಲ.

ನೀಲಿ ಎಂದರೆ ನೀಲವ್ವ, ನನ್ನ ತಂಗಿ. ಹದಿಮೂರು ವರ್ಷ, ಏಳನೆಯ ತರಗತಿ. ಗಣಿತದಲ್ಲಿ ನನ್ನ ಹಾಗಲ್ಲ, ಬಲು ಚುರುಕು.

ಅವ್ವ ಒಲೆಯ ಮುಂದೆ ಕುಳಿತು, "ಆಕಿ ಇನ್ನಾ ದೊಡ್ಡಾಕಿ ಆಗಿಲ್ಲಲ್ರಿ" ಎಂದಳು.

"ಅದಕ್ಕೇನಾತ? ಲಗ್ನ ಆದ ಮ್ಯಾಲೂ ನಮ್ಮ ಮನ್ಯಾಗ ಇರತಾಳ. ಮೈನೆರದ ಮ್ಯಾಲೆ ಕಳಿಸೋದು. ಬೀಗತಿ ತಾನ ಅಂದಾಳ" ಎಂದ ಅಪ್ಪ. "ಅಕ್ಕನ ಹಂದರದಾಗ ತಂಗೀದೂ ಮುಗಿಸಿದ್ರ ಭಾರ ಇಳೀತು. ನಮ್ಮ ಮನಿತನದಾಗ ಹಿಂದಿನಿಂದ ಹಿಂಗ ನಡಕೊಂಡ ಬಂದೈತಿ."

ಹದಿನೆಂಟು ತುಂಬದೆ ಮದುವೆ ಮಾಡಬಾರದೆಂದು ಶಾಲೆಯಲ್ಲಿ ಓದಿದ್ದು ನೆನಪಾಗಿ ಬಾಯಿ ಹಾಕಿದೆ.

"ಹಂದರದಾಗ ಬಂದು ಯಾರು ಹಲ್ಲು ಎಣಸ್ತಾರ?" ಎಂದ ಅಪ್ಪ. ಎಲ್ಲರೂ ನಕ್ಕೆವು.

ಆಮೇಲೆ ನೀಲಿ ನನ್ನ ಪಕ್ಕಕ್ಕೆ ಬಂದು, "ಅಕ್ಕಾ, ಅಲ್ಲಿ ಮನಿಗೆ ಸಾಲಿ ಹತ್ತರ ಐತೇನು?" ಎಂದು ಕೇಳಿದಳು. "ಹುಚ್ಚಿ, ಅಲ್ಲಿ ಟಾಕೀಸು ಹತ್ತರ ಐತಿ" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು, ಸ್ವಲ್ಪ ಕಡಿಮೆ.

೨೦ ಫೆಬ್ರುವರಿ, ಸೋಮವಾರ

ಅಬ್ಬಾ, ಮಾತಾಡಿದೆ. ವಿರೂಪಾಕ್ಷನ ಜೊತೆ ನಾನೇ, ಈ ಬಾಯಿಂದಲೇ ಮಾತಾಡಿದೆ.

ಅಪ್ಪನಿಗೆ ಬುತ್ತಿ ಕೊಡಲು ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಹಮಾಲರು ಚೀಲ ಹೊತ್ತು ಓಡುತ್ತಿದ್ದರು, ಘಾಟಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಎದುರಿಗೆ ಅವನು ಕರವಸ್ತ್ರ ಮೂಗಿಗೆ ಹಿಡಿದು ನಿಂತಿದ್ದ. ಏನೋ ಕೆಲಸಕ್ಕೆ ಬಂದಿದ್ದನಂತೆ. ಸುಳ್ಳು, ನನ್ನನ್ನು ನೋಡಲೆಂದೇ ಬಂದಿದ್ದ.

"ಗಣಿತದಾಗ ಹೋತಂತಲ್ಲ?" ಎಂದ.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. "ಹೌದ್ರಿ" ಎಂದೆ.

"ನಂದೂ ಹೋಗಿತ್ತು. ಮೂರು ಸಲ."

ಅಷ್ಟು ಹೇಳಿ ಸೀನಿದ. ನಾನೂ ಸೀನಿದೆ. ಇಷ್ಟೇ ನಮ್ಮ ಮಾತುಕತೆ. ಮನೆಗೆ ಬರುವವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮಧ್ಯಾಹ್ನ ನೀಲಿಗೆ ಸೀರೆ ಉಡಿಸಿದೆ. ಪಕ್ಕದ ಮನೆಯ ಹುಸೇನಬಿ ಚಾಚಿ ದಿನಾ ನಮ್ಮ ಅಂಗಳದಲ್ಲಿ ಕುಳಿತು ನಮ್ಮ ಜೊತೆ ತೊಟ್ಟು ಬಿಡಿಸುತ್ತಾಳೆ. ನೀಲಿ ನಾಲ್ಕು ಹೆಜ್ಜೆ ಇಟ್ಟು ನೆರಿಗೆ ತುಳಿದು ಮೆಣಸಿನಕಾಯಿ ರಾಶಿಯ ಮೇಲೆ ಬಿದ್ದಳು. ಚಾಚಿ ಅವಳನ್ನು ಎತ್ತಿ ಕೂರಿಸಿ, "ಸೀರಿ ಈಕಿನ್ನ ಉಟಗೊಂಡೈತೆವ್ವ, ಈಕಿ ಸೀರಿ ಉಟ್ಟಿಲ್ಲ" ಎಂದಳು. ನಗುವಿನಲ್ಲಿ ತೊಟ್ಟೆಲ್ಲ ಚೆಲ್ಲಾಪಿಲ್ಲಿಯಾದವು.

೩ ಮಾರ್ಚ್, ಶುಕ್ರವಾರ

ಹಾವೇರಿಗೆ ಹೋಗಿಬಂದೆವು. ಬೀಗರ ಹಿರಿಯ ಸೊಸೆ ಸಾವಂತ್ರಿ ದವಾಖಾನೆಯಲ್ಲಿದ್ದಾಳೆ. ನಾಳೆ ನಮಗೆ ನೆಗೆಣ್ಣಿ ಆಗುವವಳು, ನೋಡಿ ಬರದಿದ್ದರೆ ಹೇಗೆ ಎಂದು ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಶೇಂಗಾ ತಿಂದೆವು. ಹೋಗುವಾಗ ಎಲ್ಲ ಚೆನ್ನಾಗಿತ್ತು.

ಸಾವಂತ್ರಿಗೆ ಹದಿನಾರು. ನನಗಿಂತ ದೊಡ್ಡವಳೆಂದುಕೊಂಡು ಹೋಗಿದ್ದೆ. ಮನೆಯಲ್ಲೇ ಎರಡು ದಿನ ಬೇನೆ ತಿಂದಳಂತೆ. ಆಮೇಲೆ ಟ್ರ್ಯಾಕ್ಸ್ ಗಾಡಿಯಲ್ಲಿ ಹಾಕಿಕೊಂಡು ಬಂದರಂತೆ. ಕೂಸು ಉಳಿಯಲಿಲ್ಲ. ಅದು ಹೋಗಿ ವಾರವಾಯಿತು, ಈಗ ಇವಳಿಗೆ ಉಚ್ಚೆ ನಿಲ್ಲುತ್ತಿಲ್ಲ. ಹನಿಯುತ್ತಲೇ ಇರುತ್ತದೆ. ಕೆಳಗೆ ರಬ್ಬರ್ ಹಾಳೆ ಹಾಸಿ, ಮೂಲೆಯ ಮಂಚದ ಮೇಲೆ ಮಲಗಿಸಿದ್ದಾರೆ. ಪಕ್ಕದ ಮಂಚದವರು ತಮ್ಮ ಮಂಚ ಸರಿಸಿಕೊಂಡಿದ್ದರು.

ಹೆರಿಗೆ ಮಾಡಿಸುವ ಡಾಕ್ಟರ್ ಬಾಯಿ ಬೀಗತಿಗೆ ಹೇಳುತ್ತಿದ್ದರು. "ಈಕಿದ ಎಲುಬ ಇನ್ನಾ ಬೆಳದಿಲ್ರಿ. ಕೂಸಿಗೆ ಹೊರಗ ಬರಾಕ ಹಾದಿ ಎಲ್ಲಿಂದ ಬರಬೇಕು? ಒಳಗ ಒತ್ತಿ ಒತ್ತಿ ತೂತ ಬಿದ್ದೈತಿ. ಎರಡ ಮೂರ ತಿಂಗಳ ಬಿಟ್ಟು ಹುಬ್ಬಳ್ಳ್ಯಾಗ ಆಪರೇಶನ್ ಮಾಡಸ್ರಿ, ನೆಟ್ಟಗಾಗತೈತಿ."

ಬೀಗತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಆಕೀ ಹಣೇಬಾರ" ಎಂದಳು. ಖರೆ ಅತ್ತಳು, ನಾಟಕವಲ್ಲ. ಆಮೇಲೆ ನೀಲಿಯ ಕೈ ಹಿಡಿದುಕೊಂಡು ಬೆರಳುಗಳನ್ನು ನೋಡಿದಳು. "ಸಪೂರ ಅದಾವು. ಬೀಜದ ಹೊಲದಾಗ ಹೂವಿನ ಮೊಗ್ಗಿ ಬಿಡಿಸಾಕ ಇಂಥಾ ಬಳ್ಳ ಬೇಕವ್ವ. ನಮ್ಮ ಸಾವಂತ್ರಿವೂ ಹಿಂಗ ಇದ್ದವು."

ಹೊರಡುವಾಗ ಸಾವಂತ್ರಿ ನೀಲಿಯನ್ನು ಕರೆದು ಯಾವ ಇಯತ್ತೆ ಎಂದು ಕೇಳಿದಳು. ಏಳು ಎಂದಳು ನೀಲಿ.

"ನಾನೂ ಏಳಕ್ಕ ಬಿಟ್ಟೆ" ಎಂದಳು ಸಾವಂತ್ರಿ.

ಬರುವಾಗ ಹಾವೇರಿ ಪೇಟೆಯಲ್ಲಿ ಬಳೆ ನೋಡಿದೆವು. ಹಸಿರು ಚಿಕ್ಕಿ ಬಳೆ, ಬಹಳ ಚಂದ ಇದ್ದವು. ತೆಗೆದುಕೊಳ್ಳಲಿಲ್ಲ. ಯಾಕೋ ನೆನಪಿಲ್ಲ.

೧೧ ಮಾರ್ಚ್, ಶನಿವಾರ

ನನ್ನ ಹೊಟ್ಟೆಯಲ್ಲಿ ಒಂದು ಗುಟ್ಟು ಕುಳಿತಿದೆ, ಇಲ್ಲಿ ಬರೆಯದಿದ್ದರೆ ಒಡೆದೇ ಹೋಗುತ್ತೇನೆ.

ನಿನ್ನೆ ರಾಣೆಬೆನ್ನೂರಿನಿಂದ ಹೇಳಿಕಳಿಸಿದರು. ಸಾವಂತ್ರಿಯನ್ನು ಹಾವೇರಿಯ ಅವಳ ತವರಿನಲ್ಲಿ ಬಿಟ್ಟು ಬಂದಿದ್ದಾರೆ. ಮನೆಯಲ್ಲಿ ಕೈ ಸಾಲದು, ಮದುವೆಗೆ ಮೊದಲೇ ಕಿರಿಯವಳು ಮೈನೆರೆದರೆ ಇಬ್ಬರನ್ನೂ ಮದುವೆಯ ದಿನವೇ ಕರೆದುಕೊಂಡು ಹೋಗುತ್ತೇವೆ ಎಂದಿದ್ದಾರೆ. ಅಪ್ಪ ಆಗಲಿ ಎಂದ.

ಇವತ್ತು ಬೆಳಿಗ್ಗೆ ನೀಲಿ ಬಚ್ಚಲಿನಿಂದ ನನ್ನನ್ನು ಕೂಗಿದಳು. ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ನನಗೂ ಸಾವಂತ್ರಿ ಅಕ್ಕಗ ಆದಂಗ ಆಗೇತೇನು?" ಎಂದಳು. ಇಲ್ಲ ಹುಚ್ಚಿ, ಇದು ಎಲ್ಲರಿಗೂ ಆಗುವುದು ಎಂದೆ. ಅವ್ವನನ್ನು ಕರೆಯಲು ಬಾಯಿ ತೆರೆದಿದ್ದೆ. ಆರತಿ, ಹಾಡು, ಕೊಬ್ಬರಿ ಉಂಡಿ, ಓಣಿಯವರೆಲ್ಲ ಬರುವ ಸಡಗರ, ಎಲ್ಲ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡೆ. ಯಾರಿಗೂ ಹೇಳಬೇಡ ಎಂದು ಅವಳ ಕೈಮೇಲೆ ಕೈಯಿಟ್ಟು ಆಣೆ ಮಾಡಿಸಿದೆ. ನನ್ನ ಹಳೆಯ ಬಟ್ಟೆ ಹರಿದು ಕೊಟ್ಟೆ, ಒಗೆದದ್ದನ್ನು ನನ್ನವುಗಳ ಜೊತೆ ಒಣಹಾಕಿದೆ.

ಹುಸೇನಬಿ ಚಾಚಿ ಹಗ್ಗದ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ನಾನು ಕಳ್ಳಿಯ ಹಾಗೆ ನಿಂತಿದ್ದೆ. "ಈ ಘಾಟಿನಾಗ ನನ್ನ ಕಣ್ಣಿಗೆ ಏನೂ ಕಾಣವಲ್ದವ್ವ" ಎಂದು ಮತ್ತೆ ತೊಟ್ಟು ಬಿಡಿಸತೊಡಗಿದಳು.

ಗುಟ್ಟು ಕಾಯುವುದರಲ್ಲಿ ಇಷ್ಟು ಮಜಾ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

೧೪ ಮಾರ್ಚ್, ಮಂಗಳವಾರ

ನೀಲಿಯ ಹೊಟ್ಟೆನೋವು ನಿಂತಿದೆ. ಯಾರಿಗೂ ಗೊತ್ತಾಗಿಲ್ಲ. ಗೆದ್ದೆವು.

೧೯ ಮಾರ್ಚ್, ರವಿವಾರ

ಗೆಲ್ಲಲಿಲ್ಲ. ಅವ್ವ ಹಾಸಿಗೆ ಕೊಡವುವಾಗ ಕಲೆ ನೋಡಿದಳು. ನನ್ನದೆಂದೆ. ಅವ್ವ ನನ್ನ ದಿನಗಳನ್ನು ನನಗಿಂತ ಚೆನ್ನಾಗಿ ಬಲ್ಲಳು. ನೀಲಿಯನ್ನು ಕರೆದು ಒಂದೇ ಮಾತು ಕೇಳಿದಳು, ಅವಳು ಅಳತೊಡಗಿದಳು. ಮನೆಯೊಳಗೆ ದೇವರಿದ್ದಾನೆ, ಮುಚ್ಚಿಟ್ಟು ಮೈಲಿಗೆ ಮಾಡಿದಿರಿ ಎಂದು ಅವ್ವ ಮನೆಯನ್ನೆಲ್ಲ ಸಾರಿಸಿದಳು.

ಸಂಜೆ ಆರತಿ. ನೀಲಿಗೆ ಅವ್ವನ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಹೆಂಗಸರು ಹಾಡಿದರು, ಕೊಬ್ಬರಿ ಉಂಡಿ ಹಂಚಿದರು. ನಾನು ಎರಡು ತಿಂದೆ. ಮೂರನೆಯದು ಬೇಡವೆಂದೆ.

ಅಪ್ಪ ರಾಣೆಬೆನ್ನೂರಿಗೆ ಸುದ್ದಿ ಮುಟ್ಟಿಸಿದ. "ಅಪ್ಪಾ, ಈ ಸಲ ನನ್ನದೊಂದ ಲಗ್ನ ಮಾಡು. ನೀಲೀದು ನಾಕೈದು ವರ್ಷ ಹೋಗಲಿ" ಎಂದೆ.

"ಅವರು ಇಬ್ಬರನ್ನ ಕೇಳ್ಯಾರ. ಒಬ್ಬಾಕಿನ್ನ ಕೊಡತೇನಿ ಅಂದ್ರ ನಿನ್ನೂ ಬ್ಯಾಡ ಅಂತಾರ. ನಿನಗ ಬ್ಯಾಡೇನು ಆ ಹುಡುಗ?" ಎಂದು ಕೇಳಿದ.

ನನಗೆ ಆ ಹುಡುಗ ಬೇಕು. ಇಲ್ಲಿ ಬರೆಯಲು ನಾಚಿಕೆಯೇನು, ಬೇಕೇ ಬೇಕು.

೨೬ ಮಾರ್ಚ್, ರವಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಜವಳಿ. ಎರಡೂ ಮನೆಯವರು ಕೂಡಿ ಮದುವೆಯ ಬಟ್ಟೆ ತೆಗೆಯುವ ದಿನ, ರಾಣೆಬೆನ್ನೂರಿನ ದೊಡ್ಡ ಅಂಗಡಿಯಲ್ಲಿ. ಬಿಳಿ ಗಾದಿಯ ಮೇಲೆ ಎಲ್ಲರೂ ಕುಳಿತೆವು. ಅಂಗಡಿಯವನು ಸೀರೆಯ ಮೇಲೆ ಸೀರೆ ಹರವಿದ. ನಮ್ಮಲ್ಲಿ ಬೀಗತಿ ಮದುವೆ ಸೀರೆಗೆ ಕುಂಕುಮ ಹಚ್ಚಿ ಹೆಣ್ಣಿನ ಉಡಿಯಲ್ಲಿ ಇಟ್ಟಳೆಂದರೆ ಮುಗಿಯಿತು. ಆ ಸೀರೆ ವಾಪಸ್ಸಿಲ್ಲ, ಆ ಮಾತೂ ವಾಪಸ್ಸಿಲ್ಲ.

ನನಗೆ ಕುಸುಬಿ ಹೂವಿನ ಬಣ್ಣದ್ದು, ಅಗಲ ಅಂಚಿನದು ಆರಿಸಿದರು. ಅದನ್ನು ನೋಡಿ ನನ್ನ ಎದೆ ತುಂಬಿ ಬಂತು. ವಿರೂಪಾಕ್ಷ ಆ ತುದಿಯಿಂದ ಚೆನ್ನಾಗಿದೆ ಎಂಬಂತೆ ಕಣ್ಣು ಮಿಟುಕಿಸಿದ.

ಆಗ ಅಂಗಡಿಯವನು ನೀಲಿಯ ಕಡೆ ತಿರುಗಿ ನಗುತ್ತ, "ಈ ಕೂಸಿಗೆ ಲಂಗ ಪೋಲಕಾ ತೋರಸ್ಲ್ಯಾ?" ಎಂದ.

"ಆಕಿನೂ ಮದುಮಗಳರೀ" ಎಂದಳು ಬೀಗತಿ.

ಅಂಗಡಿಯವನು ನಗು ನಿಲ್ಲಿಸಿದ. ಇನ್ನೊಂದು ಸೀರೆ ತೆಗೆದು ನೀಲಿಯ ಮುಂದೆ ಇಟ್ಟ. ನೀಲಿ ಅದನ್ನು ಮುಟ್ಟಲಿಲ್ಲ. ತನ್ನ ಬೆರಳುಗಳನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಳು. ಬೀಗತಿ ಕುಂಕುಮದ ಭರಣಿ ತೆರೆದಳು.

"ಅತ್ತಿ, ನನ್ನ ಸೀರಿಗೆ ಹಚ್ಚರಿ. ನೀಲೀದಕ್ಕ ಹಚ್ಚಬ್ಯಾಡ್ರಿ" ಎಂದೆ. ನಾನು ಹಾಗೆನ್ನಬೇಕೆಂದು ಯೋಚಿಸಿಕೊಂಡು ಹೋಗಿರಲಿಲ್ಲ.

"ಹಚ್ಚಿದ್ರ ಎರಡಕ್ಕೂ. ಇಲ್ಲಂದ್ರ ಎರಡಕ್ಕೂ ಇಲ್ಲ. ನನಗ ಮನ್ಯಾಗ ಕೈ ಬೇಕವ್ವ, ನಾ ಏನ ಮಾಡ್ಲಿ" ಎಂದಳು.

ನಾನು ವಿರೂಪಾಕ್ಷನ ಮುಖ ನೋಡಿದೆ. ಎಲ್ಲರೂ ನೋಡಲಿ ಎಂದೇ ನೋಡಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಗಾದಿಯ ಹೊಲಿಗೆ ಕೀಳುತ್ತ, "ಅವ್ವ ಹೇಳಿದಂಗ" ಎಂದ.

ಕುಸುಬಿ ಸೀರೆಯನ್ನು ನಾನೇ ಮಡಚಿದೆ. ನೆರಿಗೆ ಸರಿಯಾಗಿ ಕೂಡಿಸಿ ಮಡಚಿದೆ, ಒಳ್ಳೆಯ ಸೀರೆ, ಕೆಡಬಾರದು. ಅಂಗಡಿಯವನ ಕೈಗೆ ಕೊಟ್ಟು, "ಎರಡೂ ಒಳಗ ಇಡ್ರಿ" ಎಂದೆ.

ಅಪ್ಪ ಅಂಗಡಿಯಲ್ಲಿ ಕೈ ಎತ್ತಲಿಲ್ಲ. ಬಸ್ಸಿನಲ್ಲೂ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಎತ್ತಿದ. ಎಡಗಡೆಯ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಬಲಗೈ ನೆಟ್ಟಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

೩೦ ಮಾರ್ಚ್, ಗುರುವಾರ

ಅಪ್ಪ ಮಾತಾಡುವುದಿಲ್ಲ. ಅವ್ವ ಮಾತಾಡುವುದಿಲ್ಲ. ಓಣಿಯವರು ಮಾತ್ರ ನಿಲ್ಲಿಸುವುದೇ ಇಲ್ಲ. ಜವಳಿ ಮುರಿದು ಬಂದವಳನ್ನು ಇನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ನನಗೆ ಕೇಳಿಸುವ ಹಾಗೆಯೇ ಹೇಳುತ್ತಾರೆ. ನನ್ನ ಮದುವೆ ಹೋಯಿತು, ನನಗೆ ಅಳು ಬಂತು, ಅತ್ತುಬಿಟ್ಟೆ.

ನೀಲಿ ಶಾಲೆಗೆ ಹೋದಳು. ಪರೀಕ್ಷೆ ಇದೆ. ಚಾಚಿ ಅವಳ ಕೈಗೆ ಪೇಪರಮೆಂಟು ಕೊಟ್ಟು ಕಳಿಸಿದಳು.

೧೨ ಏಪ್ರಿಲ್, ಬುಧವಾರ

ಇವತ್ತು ಚಾಚಿ ತೊಟ್ಟು ಬಿಡಿಸುತ್ತ, ಹೇಳಲೋ ಬೇಡವೋ ಎಂಬಂತೆ ಹೇಳಿದಳು. ಅವಳ ಗಂಡ ದಾದಾಪೀರ ಲಾರಿ ಹೊಡೆಯುತ್ತಾನೆ, ರಾಣೆಬೆನ್ನೂರಿನ ಸುದ್ದಿ ಅವನಿಗೆ ಸಿಗುತ್ತದೆ. ವಿರೂಪಾಕ್ಷ, ಸದಾಶಿವ ಇಬ್ಬರ ಮದುವೆಯೂ ಗೊತ್ತಾಗಿದೆ. ಅದೇ ಮುಹೂರ್ತ. ಹೊಳೆದಂಡೆಯ ಹಳ್ಳಿಯೊಂದರ ಅಕ್ಕತಂಗಿ. ಒಂದೇ ಹಂದರ.

ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಮೆಣಸಿನಕಾಯಿ ಪುಡಿಪುಡಿಯಾಯಿತು. ಹದಿನೈದು ದಿನವೂ ತಡೆಯಲಿಲ್ಲವಲ್ಲ ಆ ದೊಡ್ಡ ಕಿವಿಯವನು. ಅವಳು ನನಗಿಂತ ಬೆಳ್ಳಗಿರಬಹುದು, ಗಣಿತ ಪಾಸಾಗಿರಬಹುದು. ಹೀಗೆ ಏನೇನೋ ಕುದಿಯುತ್ತಿದ್ದಾಗ ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ತಂಗೀಗೆ ಎಷ್ಟ ವರ್ಷ ಅಂತ?"

"ನಮ್ಮ ನೀಲಿಗಿಂತ ಸಣ್ಣಾಕಿ ಅಂತವ್ವ" ಎಂದಳು ಚಾಚಿ.

ಎದ್ದೆ. ಮುಖ ತೊಳೆದೆ. ನಾಳೆ ಬೆಳಿಗ್ಗೆ ಆ ಊರಿಗೆ ಹೋಗುತ್ತೇನೆ ಎಂದೆ. ಗೋಡೆಗೆ ಹೇಳಿದ ಹಾಗೆ ಹೇಳಿದೆ, ಮನೆಯಲ್ಲಿ ನನಗೆ ಉತ್ತರ ಕೊಡುವವರು ಯಾರಿದ್ದಾರೆ.

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. "ನಿನ್ನಕಿಂತ ಮೊದಲ ಎರಡ ಕೂಸು ಹೋಗ್ಯಾವು" ಎಂದಳು. "ಮೊದಲಿಂದು ಹೋದಾಗ ನನಗ ಹದಿನಾಕು. ಆ ಡಾಕ್ಟರ್ ಬಾಯಿ ಹೇಳಿದಂಗ ನನಗ ಆವಾಗ ಯಾರೂ ಹೇಳಲಿಲ್ಲ. ಹಣೇಬಾರ ಅಂದ್ರು."

ನನಗೆ ಇದು ಗೊತ್ತೇ ಇರಲಿಲ್ಲ. ಹತ್ತೊಂಬತ್ತು ವರ್ಷ ಈ ಮನೆಯಲ್ಲಿದ್ದೇನೆ, ಗೊತ್ತೇ ಇರಲಿಲ್ಲ.

"ಒಬ್ಬಾಕಿನ ಹೋಗಬ್ಯಾಡ. ನಾನೂ ಬರತೇನಿ. ನಿಮ್ಮಪ್ಪಗ ನಾ ಹೇಳತೇನಿ" ಎಂದು ಮತ್ತೆ ಮೊರ ಕೈಗೆತ್ತಿಕೊಂಡಳು.

೧೩ ಏಪ್ರಿಲ್, ಗುರುವಾರ
ಹಾವೇರಿ

ಡೈರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದದ್ದು ಒಳ್ಳೆಯದಾಯಿತು. ಇಲ್ಲಿ ಸಾವಂತ್ರಿಯ ತವರುಮನೆಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ, ಬರೆಯದೆ ಸುಮ್ಮನೆ ಕೂರಲು ನನ್ನಿಂದ ಆಗದು.

ಬೆಳಿಗ್ಗೆ ಹೊಳೆದಂಡೆಯ ಊರು ತಲುಪಿದಾಗ ಆ ಮನೆಯ ಯಜಮಾನ ನಮ್ಮನ್ನು ಒಳಗೆ ಕರೆಯಲಿಲ್ಲ. ನಾವು ಯಾರೆಂದು ತಿಳಿದ ಮೇಲಂತೂ ದನಿ ಏರಿಸಿದ. "ನಿನ್ನ ಲಗ್ನ ಮುರಕೊಂಡಿ, ಈಗ ನನ್ನ ಮಕ್ಕಳದು ಮುರ್ಯಾಕ ಬಂದಿಯೇನು?"

"ಮುರ್ಯಾಕಲ್ಲರಿ ಯಣ್ಣಾ, ಎರಡ ಮಾತು ಆಡಿ ಹೋಗಾಕ" ಎಂದಳು ಅವ್ವ. ಅವನ ಹೆಂಡತಿ ಕದ ಹಾಕಿಕೊಂಡಳು. ಅಂಗಳದಲ್ಲಿ ಒಂದು ಹುಡುಗಿ ಕುಂಟಾಬಿಲ್ಲೆ ಆಡುತ್ತಿತ್ತು. ಕಾಲು ಎತ್ತಿದಂತೆಯೇ ನಿಂತು ನಮ್ಮನ್ನು ನೋಡಿತು. ಅದೇ ತಂಗಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಬಸ್ ಸ್ಟಾಪಿಗೆ ಬಂದು ನಿಂತೆವು. ಹಿಂದಿನಿಂದ ಓಡಿಬಂದಳು ಒಬ್ಬಳು, ಕೈಗೆ ರೊಟ್ಟಿ ಹಿಟ್ಟು ಹತ್ತಿತ್ತು. ಶಂಕ್ರವ್ವ, ಅಕ್ಕ. ನನ್ನ ವಯಸ್ಸಿನವಳೇ. ಬಣ್ಣ ನನ್ನದೇ, ಏನೂ ಹೆಚ್ಚಿಲ್ಲ.

ಉಸಿರು ಬಿಡದೆ ಎಲ್ಲ ಹೇಳಿದೆ. ದವಾಖಾನೆ, ರಬ್ಬರ್ ಹಾಳೆ, ಎಲುಬು, ತವರಿನಲ್ಲಿ ಬಿಟ್ಟು ಬಂದದ್ದು. ಅವಳು ಕೇಳಿಸಿಕೊಂಡು, "ನೀವು ಹೊಟ್ಟಿಕಿಚ್ಚಿಗೆ ಬಂದೀರಿ ಅಂತಾನ ನಮ್ಮಪ್ಪ. ಖರೇನ?" ಎಂದು ಕೇಳಿದಳು.

"ಸ್ವಲ್ಪ ಖರೆ" ಎಂದೆ.

ಅವಳಿಗೆ ನಗು ಬಂತು. ನನಗೂ ಬಂತು. ಆಮೇಲೆ ನಗು ನಿಂತಿತು.

"ಆ ಸಾವಂತ್ರಿನ್ನ ನನಗ ತೋರಸ್ತೀರೇನು?"

ಅಷ್ಟರಲ್ಲಿ ಬಸ್ಸು ಬಂತು. ಹೇಗೆ ಹತ್ತಿದಳೋ ನನಗೆ ತಿಳಿಯದು, ಹತ್ತಿಬಿಟ್ಟಳು. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಹಾವೇರಿಗೆ ಬಂದೆವು. ದಾರಿಯಲ್ಲಿ ಶಂಕ್ರವ್ವ ಹಿಟ್ಟಿನ ಕೈ ತಿಕ್ಕುತ್ತಲೇ ಇದ್ದಳು. ತಂಗಿ ಜೊತೆಗೆ ಬರುತ್ತಾಳೆಂದು ತನಗೆ ಎಷ್ಟು ಖುಷಿಯಾಗಿತ್ತು ಎಂದು ಒಂದು ಸಲ ಹೇಳಿದಳು. ನಾನು ಹೂಂ ಎಂದೆ.

ಸಾವಂತ್ರಿಯ ತವರಿನಲ್ಲಿ ಅವಳನ್ನು ಹಿತ್ತಿಲ ಪಡಸಾಲೆಯಲ್ಲಿ ಮಲಗಿಸಿದ್ದಾರೆ. ವಾಸನೆ ಬರುತ್ತದೆಂದು ಮನೆಯವರು ಆ ಕಡೆ ಹೆಚ್ಚು ಹೋಗುವುದಿಲ್ಲ. ಶಂಕ್ರವ್ವ ಒಬ್ಬಳೇ ಒಳಗೆ ಹೋಗುತ್ತೇನೆಂದಳು. ಹೋಗಿ ಬಹಳ ಹೊತ್ತಾಯಿತು. ಒಳಗಿನ ಮಾತು ಕೇಳಿಸುವುದಿಲ್ಲ. ಅವ್ವ ಕಂಬಕ್ಕೆ ಒರಗಿ ಕುಳಿತಿದ್ದಾಳೆ.

ಬಂದಳು.

ಕಣ್ಣು ಕೆಂಪಾಗಿವೆ. ಸಾವಂತ್ರಿ ಏನು ಹೇಳಿದಳು ಎಂದು ಕೇಳಿದೆ.

"ನಮ್ಮೂರಿಗೆ ಈಗ ಬಸ್ಸು ಐತೇನು?" ಎಂದಳು. "ಲಗೂ ನಡೀರಿ. ನನ್ನ ತಂಗಿ ಮನ್ಯಾಗ ಒಬ್ಬಾಕಿನ ಅದಾಳ."

ಅವ್ವ ಆಗಲೇ ಎದ್ದು ಚಪ್ಪಲಿ ಮೆಟ್ಟಿದ್ದಾಳೆ.